ಎರಡನೇ ಟ್ರಾಲಿ

ಸೇತುವೆ ಹತ್ತಿದ ಟ್ರ್ಯಾಕ್ಟರಿನ ಹಿಂದೆ ಕಬ್ಬು ಹೇರಿದ ಎರಡು ಟ್ರಾಲಿಗಳಿದ್ದವು. ದಂಡೆಯ ಮೇಲಿದ್ದ ನಂದಾ ಮತ್ತೊಮ್ಮೆ ಎಣಿಸಿದಳು. ಕಬ್ಬಿನ ಸಿಪ್ಪೆ ಸುಟ್ಟ ಬೂದಿ ಬೆರೆಸಿದ ಕಾಂಕ್ರೀಟು ಅವಳು ವಿಶ್ವವಿದ್ಯಾಲಯದಲ್ಲಿ ಕಂಡುಹಿಡಿದದ್ದು. ಕೌಜಲಗಿಯ ಈ ಹಳ್ಳಕ್ಕೆ ಅದರಿಂದಲೇ ಸೇತುವೆ ಕಟ್ಟಿದ್ದು ಅವಳ ಹೊಸ ಕಂಪನಿ. ಪರೀಕ್ಷಿಸಿದ್ದು ಮಾತ್ರ ಒಂದೇ ಟ್ರಾಲಿ ದಾಟಿಸಿ.

ಕೂಗಿದಳು. ಟ್ರ್ಯಾಕ್ಟರಿನ ಹಾಡಿನ ಅಬ್ಬರದಲ್ಲಿ ಡ್ರೈವರನಿಗೆ ಕೇಳಲಿಲ್ಲ. ಕೆಳಗೆ, ಸೇತುವೆಯ ನೆರಳಿನಲ್ಲಿ, ಮುದುಕಿ ಮುದಕವ್ವ ಬಟ್ಟೆ ಒಗೆಯುತ್ತಿದ್ದಳು. ನಂದಾ ಓಡಿ ಇಳಿದು ಅವಳ ರಟ್ಟೆ ಹಿಡಿದೆಳೆದಳು.

"ಆಯೀ, ಲಗೂನ ಏಳ್ರಿ."

"ಮೊಣಕಾಲ ನೋಯ್ತಾವ ತಂಗಿ. ಯಾಕ, ಏನಾತು?"

ಅಷ್ಟರಲ್ಲಿ ತಲೆಯ ಮೇಲೆ ಸೇತುವೆ ಅದುರತೊಡಗಿತು. ನಂದಾ ಮುದುಕಿಯನ್ನು ತಬ್ಬಿ ಕಣ್ಣು ಮುಚ್ಚಿದಳು. ಸದ್ದು ದಾಟಿಹೋಯಿತು. ಬೆನ್ನ ಮೇಲೆ ಬಿದ್ದದ್ದು ಬರೀ ಕಬ್ಬಿನ ರವದಿ, ಒಣಗಿದ ಗರಿ.

ಅವಳ ಕೈಗಳನ್ನು ಬಿಡಿಸುತ್ತ ಮುದಕವ್ವ ಅಂದಳು: "ಸಕ್ಕರಿ ಫ್ಯಾಕ್ಟರಿ ಇವತ್ತ ಚಾಲೂ ಆಗೇತಿ. ಹಂಗಾಮ ಮುಗಿಯೂತನಕಾ ಹಿಂಗ ಜೋಡಿ ಟ್ರಾಲಿ ಬರ್ತಾವ. ದಿನಾ ಬಂದು ತೆಕ್ಕಿ ಬೀಳ್ತೀಯೇನ?"