ಗೇಟಿನೆದುರಿನ ಗುಂಡಿ

ವನಜಕ್ಕನ ಮನೆಯೆದುರಿನ ಗುಂಡಿಗೆ ಬಿದ್ದವರೆಲ್ಲ ಅವಳ ಜಗುಲಿಗೇ ಬಂದು ಕೂರುತ್ತಿದ್ದರು. ಒಂಟಿ ಹೆಂಗಸು. ಗಾಯಕ್ಕೆ ಅರಿಶಿನ ಹಚ್ಚಿ, ಕಾಫಿ ಕೊಟ್ಟು, ಮನೆಮಂದಿಯನ್ನೆಲ್ಲ ವಿಚಾರಿಸಿಯೇ ಕಳಿಸುತ್ತಿದ್ದಳು. ಗುಂಡಿ ಬೀಳುವ ಮೊದಲು ಆ ಗೇಟನ್ನು ಹಾಲಿನವನೂ ತೆರೆದವನಲ್ಲ. ಗೇಟಿಗೆ ನೇತುಹಾಕಿದ ಚೀಲದೊಳಗೆ ಪ್ಯಾಕೆಟ್ಟು ಹಾಕಿ ಹೋಗುತ್ತಿದ್ದ.

ಇವತ್ತು ಬಿದ್ದವನು ಹಿಂದಿನ ಬೀದಿಯ ಟೈಲರ್ ರುದ್ರಪ್ಪ. ಮಂಡಿ ಹಿಡಿದುಕೊಂಡೇ ಕೇಳಿದ:

“ನಗರಪಾಲಿಕೆಗೆ ದೂರು ಕೊಡ್ಲಿಲ್ವೇನಕ್ಕಾ?”

“ಕೊಡ್ದೇ ಇರ್ತೀವಾ? ಬೀದಿಯವ್ರೆಲ್ಲ ಸೇರಿ ನನ್ನ ಹೆಸರಲ್ಲೇ ಕೊಡಿಸಿದ್ದಾರೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ.”

“ಹಾಳಾದವ್ರು!”

“ಹೋಗ್ಲಿ ಬಿಡು. ಮಗಳಿಗೆ ಗಂಡು ಗೊತ್ತಾಯ್ತಾ?”

ರುದ್ರಪ್ಪ ಮಗಳ ವಿಷಯ ಹೇಳಿದ, ಇನ್ನೊಂದು ಲೋಟ ಕಾಫಿ ಕುಡಿದ, ಕುಂಟುತ್ತ ಹೊರಟ. ಗೇಟು ಮುಚ್ಚಿತು. ಮನೆ ಮತ್ತೆ ಬಿಕೋ ಎಂದಿತು.

ವನಜಕ್ಕ ಲೋಟ ತೊಳೆಯುತ್ತಿದ್ದಾಗ ಫೋನು ಬಂತು.

“ಅಮ್ಮಾ, ನಗರಪಾಲಿಕೆಯಿಂದ ಮಾತಾಡ್ತಿದ್ದೀವಿ. ಡಾಂಬರು ಗಾಡಿ ನಿಮ್ಮ ಏರಿಯಾದಲ್ಲೇ ಇದೆ. ನೀವು ದೂರು ಕೊಟ್ಟಿದ್ದ ಗುಂಡಿ ಇನ್ನೂ ಹಾಗೇ ಇದೆಯಾ?”

ಅವಳು ಕಿಟಕಿಯಿಂದ ರಸ್ತೆಯತ್ತ ನೋಡಿದಳು.

“ಅಯ್ಯೋ, ಹೋದ ಸಲಾನೇ ಹೇಳಿದ್ನಲ್ಲಪ್ಪಾ, ಅದನ್ನ ಯಾವಾಗ್ಲೋ ಮುಚ್ಚಿ ಹೋದ್ರು.”