ಬೂಸಾ ಚೀಲದ ಕಟ್ಟು

ಶಿವಶಂಕರ ಬೂಸಾ ಚೀಲದೊಳಗೆ ಮೊಣಕೈವರೆಗೆ ಕೈ ಇಳಿಸಿ ತಡಕಿದ. ಇಸ್ಪೀಟು ಕಟ್ಟು ಅಲ್ಲೇ ಇತ್ತು. ಆದರೆ ರಬ್ಬರ್ ಬ್ಯಾಂಡನ್ನು ಅವನು ಎರಡು ಸುತ್ತು ಹಾಕಿದ್ದ. ಈಗ ಮೂರು ಸುತ್ತಿತ್ತು.

ಯಾರೋ ಬಿಚ್ಚಿದ್ದಾರೆ. ಬಿಚ್ಚಿ, ಮತ್ತೆ ಅಚ್ಚುಕಟ್ಟಾಗಿ ಕಟ್ಟಿಟ್ಟಿದ್ದಾರೆ.

ಆ ಚೀಲಕ್ಕೆ ಕೈ ಹಾಕುವವರು ಮನೆಯಲ್ಲಿ ಇಬ್ಬರೇ. ಒಬ್ಬ ತಾನು. ಇನ್ನೊಬ್ಬಳು ಅವ್ವ, ಬೆಟ್ಟಮ್ಮ.

ನಲವತ್ತೆಂಟು ವರ್ಷದ, ಕೆ.ಆರ್.ಪೇಟೆಯ ಕಾಲೇಜಿನಲ್ಲಿ ಲೈಬ್ರರಿ ನೋಡಿಕೊಳ್ಳುವ, ಪಿಯುಸಿ ಓದುವ ಮಗಳಿರುವ ಗಂಡಸು ಹೀಗೆ ಅವ್ವನಿಗೆ ಹೆದರುವುದೇ ಎಂದು ಹೆಂಡತಿ ಹೇಮಶ್ರೀ ನಗುತ್ತಿದ್ದಳು. ನಗಲಿ. ಅವಳು ಆವತ್ತಿನ ಒಲೆ ನೋಡಿರಲಿಲ್ಲ.

ಅವನಿಗಾಗ ಹತ್ತು ವರ್ಷ. ಮನೆಯಲ್ಲಿದ್ದ ಇಸ್ಪೀಟು ಕಟ್ಟಿನಿಂದ ಆಟೀನ್ ರಾಣಿಯನ್ನು ಎಗರಿಸಿ, ಸೈಕಲ್ ಚಕ್ರದ ಕಡ್ಡಿಗೆ ತಾಗುವಂತೆ ಸಿಗಿಸಿ, ಟರ್ರೆಂದು ಸದ್ದು ಮಾಡಿಕೊಂಡು ಹೊಸಹೊಳಲಿನ ಬೀದಿಯೆಲ್ಲ ಸುತ್ತಿ ಬಂದಿದ್ದ. ಅವ್ವ ಚಕ್ರ ನೋಡಿದಳು. ಒಳಗೆ ಹೋದವಳು ಇಡೀ ಕಟ್ಟನ್ನೇ ತಂದು ಒಲೆಗೆ ಹಾಕಿದಳು. ಅಪ್ಪ ಗೋಡೆಗೊರಗಿ, ಹತ್ತಿರದವರು ಯಾರೋ ತೀರಿಕೊಂಡಂತೆ ಬೆಂಕಿಯನ್ನೇ ನೋಡುತ್ತ ಕೂತಿದ್ದ. ಆಮೇಲೆ ಅವ್ವ ಮಗನ ಕೈ ಹಿಡಿದು ತನ್ನ ನೆತ್ತಿಯ ಮೇಲಿಟ್ಟುಕೊಂಡಳು.

"ಇನ್ನೊಂದ್ಸಲ ಎಲೆ ಮುಟ್ಟೀಯಾ?"

"ಮುಟ್ಟಲ್ಲ ಕಣವ್ವ."

ಮೂವತ್ತೆಂಟು ವರ್ಷ ಮುಟ್ಟಲಿಲ್ಲ. ಅಪ್ಪ ಹೋದಮೇಲಂತೂ ಮನೆಯಲ್ಲಿ ಆ ಮಾತೇ ಇಲ್ಲ. ಮದುವೆ ಮನೆಗಳಲ್ಲಿ ಭಾವಮೈದುನರು ಎಳೆದು ಕೂರಿಸಿಕೊಂಡರೂ ಅವನು ಕೈ ಹಿಂದಕ್ಕೆ ಕಟ್ಟಿಕೊಂಡು ಕೂರುತ್ತಿದ್ದ.

ಕೆಡಿಸಿದವರು ದೇವಯ್ಯ ಮೇಷ್ಟ್ರು. ನಿವೃತ್ತರಾದ ಮೇಲೆ ಪೇಪರ್ ಓದಲು ದಿನಾ ಲೈಬ್ರರಿಗೆ ಬರುತ್ತಿದ್ದವರು ಬ್ರಿಜ್ ಆಟದ ರುಚಿ ಹತ್ತಿಸಿಬಿಟ್ಟರು. ಇದು ಜೂಜಲ್ಲವಂತೆ, ಬರೀ ತಲೆಯ ಕೆಲಸವಂತೆ. ನಾಲ್ಕು ಜನ, ಎದುರುಬದುರು ಕೂತವರು ಒಂದು ಜೋಡಿ. ಎಷ್ಟು ಕೈ ಗೆಲ್ಲುತ್ತೇವೆಂದು ಮೊದಲೇ ಕೂಗಬೇಕು. ಆ ಕೂಗು ಬಿಟ್ಟರೆ ಜೋಡಿಗೆ ಕಣ್ಸನ್ನೆಯನ್ನೂ ಮಾಡುವಂತಿಲ್ಲ. ಬಿದ್ದ ಎಲೆಗಳನ್ನು ಒಂದೂ ಬಿಡದೆ ನೆನಪಿಡಬೇಕು.

ಶಿವಶಂಕರ ಎಡವುತ್ತಿದ್ದದ್ದು ಅಲ್ಲೇ. ಸಾವಿರಾರು ಪುಸ್ತಕದ ಜಾಗ ಗೊತ್ತಿರುವವನಿಗೆ ಹದಿಮೂರು ಎಲೆಯ ಜಾಗ ಗೊತ್ತಾಗಲ್ವಾ ಎಂದು ಮೇಷ್ಟ್ರು ಕೆಣಕುತ್ತಿದ್ದರು. ನೆನಪಿನಲ್ಲಿ ಅವನು ಅವ್ವನನ್ನು ಹೋಲುತ್ತಿರಲಿಲ್ಲ. ಬೆಟ್ಟಮ್ಮ ಇಪ್ಪತ್ತು ವರ್ಷದ ಹಿಂದಿನ ಮದುವೆಯಲ್ಲಿ ಯಾವ ಪಂಕ್ತಿಯಲ್ಲಿ ಯಾರ ಪಕ್ಕ ಯಾರು ಕೂತಿದ್ದರು, ಯಾರು ಒಬ್ಬಟ್ಟು ಬಿಟ್ಟೆದ್ದರು ಎಂಬುದನ್ನು ಇವತ್ತಿಗೂ ಹೇಳುತ್ತಿದ್ದಳು.

ಅಂಥವಳು ಮೂವತ್ತೆಂಟು ವರ್ಷದ ಹಿಂದಿನ ಆಣೆಯನ್ನು ಮರೆಯುತ್ತಾಳೆಯೇ?

ಆ ರಾತ್ರಿ ಅವನು ಬೈಗುಳಕ್ಕೆ ತಯಾರಾಗಿಯೇ ಊಟಕ್ಕೆ ಕೂತ. ಅವ್ವ ಮುದ್ದೆ ಇಟ್ಟಳು, ಸಾರು ಬಿಟ್ಟಳು. ಕೊನೆಗೆ ಹಸುವಿನ ಸುದ್ದಿ ಹೇಳುವಂತೆ ಹೇಳಿದಳು:

"ಬೂಸದೊಳಗೆ ಏನಿಕ್ಕುದ್ರೂ ಜಿಡ್ಡಿಡೀತದೆ ಕಣಪ್ಪ."

ಅಷ್ಟೇ. ಮಾರನೆಯ ದಿನ ಕಟ್ಟು ಅಟ್ಟದ ಮೇಲಿನ ಹಳೆ ಕುಕ್ಕರಿಗೆ ವರ್ಗವಾಯಿತು.

ಬಿಟ್ಟುಬಿಡೋಣವೆಂದರೆ ಮುಂದಿನ ವಾರವೇ ಮೈಸೂರಿನಲ್ಲಿ ಪಂದ್ಯ, ಹೆಸರು ಕೊಟ್ಟಾಗಿತ್ತು. ಮೇಷ್ಟ್ರ ಮನೆಗೆ ಸುಣ್ಣ ಬಳಿಯುತ್ತಿದ್ದರು. ಭಾನುವಾರದ ಅಭ್ಯಾಸಕ್ಕೆ ಜಾಗವಿರಲಿಲ್ಲ. ಅದೇ ಭಾನುವಾರ ಅವ್ವ ತವರೂರು ಪಾಲಹಳ್ಳಿಗೆ ನಾಮಕರಣಕ್ಕೆ ಹೊರಟಿದ್ದಳು. ತವರಿಗೆ ಹೋದರೆ ಅವಳು ಕೊನೆ ಬಸ್ಸಿಗೇ ಬರುವುದು. ಅವಳಪ್ಪ ಕನ್ನಂಬಾಡಿಯಲ್ಲಿ ಇಂಜಿನಿಯರುಗಳಿಗೆ ಅಡುಗೆ ಮಾಡುತ್ತಿದ್ದವನು. ಸಾಹೇಬರ ಕ್ಲಬ್ಬಿನ ಮೇಜಿಗೆ ಕಾಫಿ ಕೊಟ್ಟುಕೊಂಡು ಬೆಳೆದವಳು ನಾನು ಎನ್ನುವ ಅವಳ ಪುರಾಣ ಅಲ್ಲಿ ಶುರುವಾದರೆ ಬೇಗ ಮುಗಿಯುತ್ತಿರಲಿಲ್ಲ. ಶಿವಶಂಕರ ಧೈರ್ಯ ಮಾಡಿ ಎಲ್ಲರನ್ನೂ ಮನೆಗೇ ಕರೆದ.

ಮೇಷ್ಟ್ರು ಬಂದರು. ಗೊಬ್ಬರದಂಗಡಿಯ ಕೆಂಪಣ್ಣ ಬಂದ. ಶಿವಶಂಕರನ ಜೋಡಿ, ಬ್ಯಾಂಕಿನ ರಂಜಿತ ಮಾತ್ರ ಮಗುವಿಗೆ ಜ್ವರವೆಂದು ಫೋನ್ ಮಾಡಿದಳು. ನಡುಮನೆಯಲ್ಲಿ ನಾಲ್ಕು ಕುರ್ಚಿ, ಮೂರು ಜನ.

"ಮೂರ್ ಜನಕ್ಕೆ ಇದು ಆಟ್ವೇ ಅಲ್ಲ ಬುಡಿ. ನಾನು ಓಯ್ತೀನಿ," ಎಂದು ಕೆಂಪಣ್ಣ ಚಪ್ಪಲಿ ಹುಡುಕುತ್ತಿರುವಾಗಲೇ ಗೇಟು ಕಿರ್ರೆಂದಿತು.

ಬೆಟ್ಟಮ್ಮ. ಮೊದಲ ಪಂಕ್ತಿಯಲ್ಲೇ ಉಂಡು, ಯಾರದೋ ಕಾರು ಹತ್ತಿ ಬಂದಿದ್ದಳು.

ಶಿವಶಂಕರ ಎಲೆಗಳ ಮೇಲೆ ಟವೆಲ್ ಎಸೆದ. ಟವೆಲ್ ಸಣ್ಣದಿತ್ತು. ಅಡುಗೆಮನೆ ಬಾಗಿಲಲ್ಲಿ ಹೇಮಶ್ರೀ ಬಾಯಿಗೆ ಸೆರಗು ಒತ್ತಿಕೊಂಡಳು. ಮೇಷ್ಟ್ರು ಎದ್ದು ನಿಂತು, ಇದು ಜೂಜಲ್ಲ ತಾಯಿ, ತಲೆಯ ಕೆಲಸ ಎಂದು ಶುರುಮಾಡಿ ಅರ್ಧಕ್ಕೇ ನಿಲ್ಲಿಸಿದರು.

ಅವ್ವ ಚೀಲ ಕೆಳಗಿಟ್ಟಳು. ಕಾಲು ತೊಳೆದು ಬಂದಳು. ಟವೆಲ್ ಎತ್ತಿ ಎಲೆಗಳನ್ನೆಲ್ಲ ಒಟ್ಟು ಮಾಡಿಕೊಂಡಳು. ಶಿವಶಂಕರನ ಕಣ್ಣು ತಾನಾಗಿ ಒಲೆಯ ಕಡೆ ಹೋಯಿತು. ಈಗಿರುವುದು ಗ್ಯಾಸು, ಸುಡಲು ಅದೂ ಆದೀತು.

"ಅವ್ವ, ಆಣೆ ಮುರ್ದೆ. ತಪ್ಪಾಯ್ತು. ನಾಳೆಯಿಂದ ಮುಟ್ಟಲ್ಲ," ಎಂದ. ಮೈಸೂರು ಮನಸ್ಸಿನಿಂದ ಜಾರಿ ಹೋಯಿತು. ಹೋದರೆ ಹೋಗಲಿ ಅನ್ನಿಸಿತು.

ಅವ್ವ ಹೆಬ್ಬೆರಳಿಗೆ ಎಂಜಲು ಹಚ್ಚಿ, ಒಂದೊಂದೇ ಎಲೆ ಸರಿಸಿ, ತುಟಿಯಲ್ಲೇ ಏನೋ ಎಣಿಸಿದಳು. ಕೊನೆಯ ಎಲೆಗೆ ತಲೆ ಆಡಿಸಿದಳು. ಆಮೇಲೆ ಮಗನ ಎದುರಿಗಿದ್ದ ಖಾಲಿ ಕುರ್ಚಿ ಎಳೆದುಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತಳು.

"ಚಕ್ರಕ್ಕೆ ಸಿಗ್ಸಕ್ಕೆ ಮುಟ್ಬ್ಯಾಡ ಅಂದೆ, ಆಡ್ಬ್ಯಾಡ ಅಂದ್ನೇನ್ಲಾ? ಆಟೀನ್ ರಾಣಿ ಇಲ್ದಿರೋ ಐವತ್ತೊಂದು ಎಲೆ ಇಟ್ಕಂಡು ನಾನೂ ನಿಮ್ಮಪ್ಪನೂ ಜೋಡಿ ಕೂತ್ಕಂಡು ಯಾವ ಬ್ರಿಜ್ಜು ಆಡದು, ಒಲೆಗಾಕ್ದೆ. ಊಂ, ಎಲೆ ಹಾಕು."