ಜೌಗಿನ ಬಜೆ

ಪುಟ್ಟತಾಯಿಯ ಮಗಳಿಗೆ ಮೂರು ತುಂಬಿದರೂ ಮಾತು ಬಂದಿರಲಿಲ್ಲ. ಬಜೆ ಬೇರು ತೇಯ್ದು ನಾಲಿಗೆಗೆ ಸವರಬೇಕೆಂದು ಊರವರೆಲ್ಲ ಹೇಳುತ್ತಿದ್ದರು. ಬಜೆ ಹೂಬಿಟ್ಟು ನಿಂತಿದ್ದ ಜೌಗು ಮಾತ್ರ ಆಸ್ತಿ ಪಾಲಿನಲ್ಲಿ ಹಿರಿಯ ಓರಗಿತ್ತಿಗೆ ಹೋಗಿತ್ತು. ಅಂದಿನಿಂದ ಎರಡು ಮನೆಗಳಿಗೆ ಹಾವು ಮುಂಗುಸಿಯ ಹಗೆ. ಕೊನೆಗೆ ಪುಟ್ಟತಾಯಿ ಮಗುವನ್ನು ಎತ್ತಿಕೊಂಡು ಓರಗಿತ್ತಿಯ ಜಗಲಿಯ ಮುಂದೆ ಹೋಗಿ ನಿಂತಳು.

“ಅಕ್ಕಾ, ಒಂದು ತುಂಡು ಬೇರು ಕೊಡು.”

“ನನ್ನ ಮೊಕ ನೋಡಿದ್ರೆ ಅನ್ನ ಸೇರಲ್ಲ ಅಂದೋಳಲ್ವಾ ನೀನು? ಈಗ ಯಾವ ಮೊಕ ಹೊತ್ಕೊಂಡು ಬಂದೆ?”

“ನನ್ನ ಬೇಕಾದಷ್ಟು ಬಯ್ಯಿ. ಕೂಸೇನು ಮಾಡ್ತು?”

“ನಿನ್ನ ಕೂಸು ಮೂಗಿಯಾದ್ರೆ ನಂಗೇನೇ? ನಡಿ ಆಚೆ!”

ಮಗು ಕೊಸರಿಕೊಂಡು ಕೆಳಗಿಳಿಯಿತು. ನೆಟ್ಟಗೆ ಜಗಲಿ ಹತ್ತಿ, ಮೂಲೆಯಲ್ಲಿದ್ದ ತೇಯುವ ಕಲ್ಲನ್ನು ಎಳೆದು ತಂದು ದೊಡ್ಡಮ್ಮನ ಮುಂದಿಟ್ಟು, ಕಹಿ ತಾಗುವ ಮೊದಲೇ ಕಣ್ಣು ಮುಚ್ಚಿಕೊಂಡು, ನಾಲಿಗೆ ಚಾಚಿ ಕೂತಿತು.